ವರ್ಲಾ ಗೇಟು ತೆರೆದಿಟ್ಟ ಭಾನುವಾರ

ಟ್ಯಾನರ್ ಕ್ರೀಕ್ ಅನ್ನುವ ನಮ್ಮೂರಿನ ದನದ ಹರಾಜು ಕಟ್ಟೆಗೆ ಒಂದು ಸಲ ಹೋಗಿ ಬಂದವರೂ ವರ್ಲಾಳನ್ನು ಮರೆತಿರುವುದಿಲ್ಲ. ಹರಾಜು ಗುರುವಾರ. ಅವತ್ತು ಕೋಳಿ ಕೂಗೋ ಹೊತ್ತಿಗೇ ಅವಳು ಕಟ್ಟೆಯ ಪಕ್ಕದ ಹೋಟ್ಲಿನ ಒಲೆ ಹಚ್ಚಿ, ದೊಡ್ಡ ಹಂಡೆಯಲ್ಲಿ ಕಾಳು-ಮಾಂಸದ ಖಾರದ ಸಾರು ಇಟ್ಟು, ಚಕ್ಕೆಪುಡಿ ಹಾಕಿ ಸುತ್ತಿದ ಸಿಹಿ ಬನ್ನು ಬೇಯಿಸಲು ನಿಲ್ಲುತ್ತಿದ್ದಳು. ಆ ಖಾರದಲ್ಲಿ ಈ ಸಿಹಿ ಅದ್ದಿಕೊಂಡು ತಿನ್ನುವುದು ನಮ್ಮ ಕಡೆಯ ರೂಢಿ. ಹೊರಗಿನಿಂದ ಬಂದವರು ಮೊದಲನೇ ತುತ್ತಿಗೆ ಮುಖ ಸಿಂಡರಿಸುತ್ತಾರೆ, ಎರಡನೇ ತುತ್ತಿಗೆ ತೆಪ್ಪಗಾಗುತ್ತಾರೆ.

ಆಳು ಎತ್ತರ. ತಲೆ ಮೇಲೆ ಅಪ್ಪನ ಕಾಲದ ಟೋಪಿ. ಮಾತು ಕಡಿಮೆ, ಆಡಿದರೆ ಚುರುಕು. ಗಂಡ ಅಂತ ಒಬ್ಬ ಇದ್ದ. ಗೂಳಿ ಸವಾರಿ ಆಟ ಅಂತ ಊರೂರು ಸುತ್ತುತ್ತಾ ಯಾವುದೋ ಒಂದು ಊರಲ್ಲಿ ಉಳಿದೇಬಿಟ್ಟ. ವರ್ಲಾ ಹುಡುಕಿಕೊಂಡು ಹೋಗಲಿಲ್ಲ. ಅವಳಿಗೆ ಸಾಕುವುದಕ್ಕೆ ಮೊದಲೇ ಒಂದು ಜೀವ ಇತ್ತು, ತಮ್ಮ ರಾಯ್ಸ್. ಅವನು ಅಂಬೆಗಾಲಿಡುವಾಗಲೇ ತಾಯಿ ಹೋಗಿದ್ದಳು. ಹಾಲು ಕುಡಿಸಿದ್ದು, ಕುದುರೆ ಹತ್ತಿಸಿದ್ದು, ಶಾಲೆಯಲ್ಲಿ ಹೊಡೆದಾಡಿಕೊಂಡು ಬಂದರೆ ಮೂಗು ಒರೆಸಿ ಎರಡು ಬಿಟ್ಟಿದ್ದು ಎಲ್ಲ ಅವಳೇ. ಈಗ ಅವನಿಗೆ ನಲವತ್ತು ದಾಟಿದ್ದರೂ ಅವಳ ಕಣ್ಣಿಗೆ ಮೂಗು ಒರೆಸಬೇಕಾದ ಹುಡುಗನೇ.

ಅವರ ಜಮೀನು ಊರಿಂದ ದೂರ, ಗುಡ್ಡದ ಬುಡದಲ್ಲಿ. ಮಣ್ಣು ರಸ್ತೆಯಿಂದ ಮನೆಗೆ ತಿರುಗುವ ಕಡೆ ಒಂದು ಕಬ್ಬಿಣದ ಗೇಟು. ಹಿಮ ಬಿರುಸಾಗಿ ಬೀಳುವಾಗಲೂ ಗುರುತು ಸಿಗಲಿ ಅಂತ ಅಪ್ಪ ಓರನ್ ಅದಕ್ಕೆ ಬಿಳಿ ಬಣ್ಣ ಬಳಿದಿದ್ದ. ನಮ್ಮ ಕಡೆ ಗೇಟಿನ ವಿಷಯ ಹುಡುಗಾಟದ್ದಲ್ಲ. ಯಾರ ಹೊಲದ ಗೇಟೇ ಆಗಲಿ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಬೇಕು. ಕಳ್ಳನೂ ಇಳಿದು ಮುಚ್ಚಿಯೇ ಹೋಗುತ್ತಾನೆ. ರಾಯ್ಸ್ ಹುಡುಗನಾಗಿದ್ದಾಗ ಒಂದು ಸಲ ಮರೆತ. ದನ ರಸ್ತೆಗೆ ಹೋದವು, ಲಾರಿಗೆ ಸಿಕ್ಕು ಎರಡು ಕಡಸು ಸತ್ತವು. ಅಪ್ಪ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸತ್ತ ಕಡಸುಗಳ ಪಕ್ಕ ಅವನನ್ನು ನಿಲ್ಲಿಸಿ, ಹೊತ್ತು ಮುಳುಗೋ ತನಕ ತಾನೂ ಪಕ್ಕದಲ್ಲೇ ನಿಂತ. ಆಮೇಲೆ ಆ ಮನೆಯವರು ಯಾರೂ ಆ ಗೇಟನ್ನು ತೆರೆದಿಟ್ಟಿದ್ದನ್ನು ಊರು ನೋಡಿಲ್ಲ.

ಅದಕ್ಕೇ ಅಕ್ಕ-ತಮ್ಮ ಅದನ್ನೇ ಗುರುತು ಮಾಡಿಕೊಂಡದ್ದು. ಗೇಟು ಮುಚ್ಚಿದ್ದರೆ ಎಲ್ಲ ಸರಿಯಿದೆ, ಇಳಿದು ಬಾ. ತೆರೆದಿದ್ದರೆ ಅಪಾಯ, ಬರಬೇಡ.

ಯಾಕೆ ಇಂಥ ಗುರುತು ಬೇಕಾಯಿತು ಅಂದರೆ, ರಾಯ್ಸ್ ಗುಡ್ಡದ ಆಚೆ ಮಗ್ಗುಲಲ್ಲಿ, ಕುರಿ ಕಾಯುವವರು ಬಿಟ್ಟುಹೋದ ಹಳೇ ಬಂಡಿಯೊಳಗೆ ಅಡಗಿ ಕೂತಿದ್ದ. ಅವನ ಕಸುಬು ಲಾರಿ ಓಡಿಸುವುದು. ವೇಡ್ ಗಾಸೆಟ್ ಅನ್ನುವ ದೊಡ್ಡ ಕುಳದ ದನ ಸಾಗಿಸುತ್ತಿದ್ದ. ಗಾಸೆಟ್ ಕದ್ದ ದನಕ್ಕೆ, ಒಡೆಯನ ಗುರುತಿಗೆ ಕಾಯಿಸಿ ಹಾಕಿದ ಹಳೇ ಬರೆಯ ಮೇಲೆ ಹೊಸ ಬರೆ ಎಳೆದು ಮಾರುತ್ತಾನೆ ಅನ್ನುವುದು ಕಿವಿ ಇದ್ದವರಿಗೆಲ್ಲ ಗೊತ್ತಿತ್ತು. ಬಾಯಿ ಇದ್ದವರು ಯಾರೂ ಆಡುತ್ತಿರಲಿಲ್ಲ. ರಾಯ್ಸೂ ಆಡಲಿಲ್ಲ, ಕಣ್ಣು ಮುಚ್ಚಿಕೊಂಡು ಲಾರಿ ಓಡಿಸಿದ. ಕೊನೆಗೆ ಬರೆ ಪರೀಕ್ಷೆ ಮಾಡುವ ಸರ್ಕಾರಿ ಮನುಷ್ಯ ಒಂದು ದಿನ ಅವನ ಲಾರಿ ತಡೆದು, ದನದ ಮೈಮೇಲಿನ ರೋಮ ಕತ್ತರಿಸಿ ನೋಡತೊಡಗಿದ. ಹಿಂದಿನ ಗಾಡಿಯಲ್ಲಿ ಬಂದ ಗಾಸೆಟ್ ಇಳಿದು, ಆ ಮನುಷ್ಯನಿಗೆ ನಮಸ್ಕಾರ ಹೇಳಿ, ಅಲ್ಲೇ ಗುಂಡು ಹೊಡೆದ. ರಾಯ್ಸ್ ಲಾರಿ ಬಿಟ್ಟು ಓಡಿದ. ಹೆಣ ಸಿಕ್ಕಿದ್ದು ರಾಯ್ಸನ ಲಾರಿಯ ಪಕ್ಕ. ಪೊಲೀಸರು ಹುಡುಕುತ್ತಿದ್ದದ್ದೂ ರಾಯ್ಸನನ್ನೇ. ಗಾಸೆಟ್ ಕೂಡ ಅವನನ್ನೇ ಹುಡುಕುತ್ತಿದ್ದ, ಪೊಲೀಸರಿಗಿಂತ ಮೊದಲು.

ವರ್ಲಾ ದನಕ್ಕೆ ಉಪ್ಪಿನ ಗಟ್ಟಿ ಇಡುವ ನೆಪದಲ್ಲಿ ಗುಡ್ಡ ಹತ್ತಿ, ಗಟ್ಟಿಗಳ ಅಡಿಯಲ್ಲಿ ರೊಟ್ಟಿ, ಬೇಯಿಸಿದ ಮಾಂಸ ಇಟ್ಟುಕೊಂಡು ಹೋಗಿ ಕೊಡುತ್ತಿದ್ದಳು. ಒಂದು ದಿನ ಅವನು, "ಅಕ್ಕಾ, ಊಟ ಇಲ್ಲದಿದ್ರೂ ಇರ್ತೀನಿ, ಹೊಗೆಸೊಪ್ಪಿಲ್ದೆ ತಲೆ ಕೆಡ್ತಿದೆ" ಅಂದ. ಅವಳಿಗೆ ಕರುಳು ಚುರ್ ಅಂತು. ಅಂಗಡಿಯಲ್ಲಿ ಒಂದು ಡಬ್ಬಿ ತೆಗೆದುಕೊಂಡಳು. ಅಲ್ಲೇ ಎಡವಿದ್ದು.

ಆ ಗುರುವಾರ ಹೋಟ್ಲು ತುಂಬಿತ್ತು. ಕರು ಮಾರುವ ಕಾಲ, ಹೊರಗೆ ತಾಯಿ ಬಿಟ್ಟ ಕರುಗಳ ಕೂಗು. ಅಂಗಡಿಯ ಜೋಲೀನ್ ಸಾರು ಕುಡಿಯುತ್ತಾ ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು.

"ಏನ್ರಪ್ಪಾ, ಗೊತ್ತಾಯ್ತಾ? ನಮ್ ವರ್ಲಾ ಈ ವಯಸ್ಸಲ್ಲಿ ಹೊಗೆಸೊಪ್ಪು ಜಗಿಯೋಕೆ ಹಿಡಿದವ್ಳೆ. ನನ್ನ ಕೈಯಾರೆ ಡಬ್ಬಿ ಕೊಟ್ಟಿದ್ದೀನಿ!"

"ಹಂಗಾದ್ರೆ ಇನ್ನು ಗಡ್ಡ ಬರೋದೊಂದೇ ಬಾಕಿ" ಅಂದ ಮೂಲೆಯ ಮೇಜಿನವನೊಬ್ಬ.

"ಬಂದ್ರೆ ನಿನಗಿಂತ ಚೆನ್ನಾಗೇ ಬರುತ್ತೆ ಬಿಡೋ. ನಿನ್ನ ಗಲ್ಲದ ಮೇಲಿರೋದು ಗಡ್ಡ ಅಲ್ಲ, ಕಟ್ಟೆ ಧೂಳು" ಅಂದಳು ವರ್ಲಾ. ಎಲ್ಲ ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಭಯಕ್ಕೆ ಒಂದು ಮಾತು ಹೆಚ್ಚಿಗೆ ಸೇರಿಸಿದಳು. "ಕಣಜ ಕಚ್ಚಿತ್ತು ಕಣೇ ಜೋಲೀನ್. ಅದರ ಮೇಲೆ ಅರೆದು ಮೆತ್ತೋಕೆ ತಗೊಂಡೆ."

ಕಿಟಕಿ ಪಕ್ಕ ಕೂತಿದ್ದ ಗಾಸೆಟ್ ಬನ್ನು ಮುರಿದು ಸಾರಿಗೆ ಅದ್ದಿದ. ತಲೆ ಎತ್ತದೇ ಮೆತ್ತಗೆ ಕೇಳಿದ. "ನೀರು ಹೆಪ್ಪುಗಟ್ಟೋ ಈ ಚಳೀಲಿ ಕಣಜಾನಾ, ವರ್ಲಾ?"

ಅವಳು ಅವನ ಲೋಟಕ್ಕೆ ಕಾಫಿ ಬಗ್ಗಿಸಿದಳು. "ಬಚ್ಚಲಲ್ಲಿ ಗೂಡು ಕಟ್ಟಿದ್ವು" ಅಂದಳು. ಅವನು "ಹೌದಾ, ಪಾಪ" ಅಂದು ತಟ್ಟೆ ಖಾಲಿ ಮಾಡಿ, ಕೈ ಒರೆಸಿ, ಟೋಪಿ ಮುಟ್ಟಿ ಎದ್ದುಹೋದ.

ಅವತ್ತೇ ವರ್ಲಾ ಜಿಲ್ಲೆಯ ಪೊಲೀಸ್ ಮುಖ್ಯಸ್ಥ, ಶೆರೀಫ್ ಮೆರಿಟ್‌ನನ್ನು ಹೋಟ್ಲಿನ ಹಿಂಬಾಗಿಲಿಗೆ ಕರೆದಳು. ಶಾಲೆಯಲ್ಲಿ ಅವಳ ಹಿಂದಿನ ಬೆಂಚಲ್ಲಿ ಕೂತವನು. ದಪ್ಪ ಮೈ, ಏದುಸಿರು, ಆದರೆ ಕೈ ಶುದ್ಧ.

"ಮೆರಿಟ್, ರಾಯ್ಸ್ ಎಲ್ಲವ್ನೆ ಅಂತ ಕೇಳ್ಬೇಡ. ಅವನು ಕೊಂದಿಲ್ಲ. ಯಾರು ಕೊಂದ್ರು ಅಂತ ಕಣ್ಣಾರೆ ನೋಡಿದಾನೆ. ಬಂದು ಹೇಳ್ತಾನೆ. ನೀನು ಒಬ್ಬನೇ ಬರಬೇಕು."

"ಡೆಪ್ಯುಟಿ ಇಲ್ದೆ ಹೋಗೋ ಹಂಗಿಲ್ಲ ಕಣೇ, ಕಾನೂನು..."

"ನಿನ್ನ ಡೆಪ್ಯುಟಿ ಗಾಸೆಟ್ ಭಾವಮೈದ ಅನ್ನೋದು ಕಾನೂನಿಗೆ ಗೊತ್ತಾ?"

ಮೆರಿಟ್ ಬೂಟಿನ ತುದಿಯಿಂದ ಮಣ್ಣು ಕೆದಕಿದ. "ಭಾನುವಾರ. ಹೊತ್ತು ಮುಳುಗೋ ಹೊತ್ತಿಗೆ ಬರ್ತೀನಿ, ಒಬ್ಬನೇ. ಅವನ ಕೈಯಲ್ಲಿ ಏನೂ ಇರಬಾರ್ದು, ತಿಳೀತಾ?"

"ಜೀವಂತ ನಿನ್ನ ಕೈಗೆ ಸೇರಿದ್ರೆ ಸಾಕಪ್ಪಾ ನನಗೆ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ."

ಮರುದಿನ ಗುಡ್ಡಕ್ಕೆ ಹೋಗಿ ತಮ್ಮನಿಗೆ ಹೇಳಿದಳು. ಭಾನುವಾರ ಹೊತ್ತಿಳಿಯುವಾಗ ಗುಡ್ಡದ ನೆತ್ತಿಗೆ ಬಾ, ಗೇಟು ನೋಡು, ಮುಚ್ಚಿದ್ದರೆ ಒಣಹಳ್ಳದ ಜಾಡಿನಲ್ಲಿ ಇಳಿದು ಕೊಟ್ಟಿಗೆ ಹಿಂದೆ ಬಾ.

"ಅಪ್ಪನ ಬಂದೂಕು ಇಲ್ಲೇ ಬಿಟ್ಟು ಬಾ."

"ತೋಳಕ್ಕೆ ಇಟ್ಕೊಂಡಿರೋದು ಅಕ್ಕಾ."

"ಎರಡು ಕಾಲಿನ ತೋಳಕ್ಕೋ? ಬಿಟ್ಟು ಬಾ ಅಂದೆ."

ಅವನು ಹೂಂ ಅಂದ. ಚಿಕ್ಕಂದಿನಿಂದಲೂ ಅವನ ಹೂಂ ನಂಬಬೇಕಾದದ್ದಲ್ಲ. ಅವಳಿಗೂ ಗೊತ್ತಿತ್ತು. ಆದರೆ ಅವನ ಗಡ್ಡ ಬೆಳೆದ ಕೆನ್ನೆ, ಒಳಕ್ಕೆ ಹೋದ ಕಣ್ಣು ನೋಡಿ ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಹಿಂಡಿ ಒಣಹಾಕುತ್ತಿದ್ದಳು. ರಸ್ತೆಯಲ್ಲಿ ಧೂಳೆದ್ದಿತು. ಮೆರಿಟ್ ಇಷ್ಟು ಬೇಗ ಯಾಕೆ ಬಂದ ಅಂತ ಕಣ್ಣಿಗೆ ಕೈ ಅಡ್ಡ ಹಿಡಿದಳು. ಗಾಡಿ ನಿಂತಿತು. ಒಬ್ಬ ಎಳೇ ವಯಸ್ಸಿನವನು ಇಳಿದು ಗೇಟು ತೆರೆದ, ಗಾಡಿ ಒಳಗೆ ಬಂತು, ಅವನು ಗೇಟು ಮುಚ್ಚಿ, ಕೊಂಡಿ ಹಾಕಿ, ಭದ್ರವಾಯಿತಾ ಅಂತ ಅಲುಗಿಸಿ ನೋಡಿ ಮತ್ತೆ ಹತ್ತಿದ. ಗಾಸೆಟ್‌ನ ಅಣ್ಣನ ಮಗ ಕೋಲ್ಬಿ. ಗುರುವಾರ ಗುರುವಾರ ಅವಳ ಕೈ ಬನ್ನು ಎರಡೆರಡು ತಿನ್ನುವವನು.

ಗಾಡಿಯನ್ನು ನೇರ ಒಣಹುಲ್ಲಿನ ಕೊಟ್ಟಿಗೆಯೊಳಕ್ಕೆ ಓಡಿಸಿ, ಬಾಗಿಲು ಎಳೆದುಕೊಂಡು ಇಬ್ಬರೂ ಮನೆಗೆ ನಡೆದು ಬಂದರು.

"ಕಾಫಿ ಇದೆಯಾ ವರ್ಲಾ?" ಅಂದ ಗಾಸೆಟ್, ಟೋಪಿ ಕೈಗೆ ತೆಗೆದುಕೊಂಡು. "ಕಣಜದ ಗೂಡು ನೋಡ್ಕೊಂಡು ಹೋಗೋಣ ಅಂತ ಬಂದ್ವಿ."

ಮನೆಗೆ ಬಂದವರಿಗೆ ಕಾಫಿ ಇಲ್ಲ ಅನ್ನುವ ಪದ್ಧತಿ ಇಲ್ಲ. ಅವಳು ಒಲೆ ಮೇಲೆ ನೀರಿಟ್ಟಳು. ಗಾಸೆಟ್ ಅಡುಗೆಮನೆಯ ಕುರ್ಚಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಕಿಟಕಿಗೆ ಮುಖ ಮಾಡಿ ಕೂತ. ಕೋಲ್ಬಿ ಬಾಗಿಲ ಹತ್ತಿರ ನಿಂತ, ಎಲ್ಲಿ ನೋಡಬೇಕು ಅಂತ ಗೊತ್ತಾಗದವನ ಹಾಗೆ.

"ಕೂತ್ಕೊಳಪ್ಪಾ ಕೋಲ್ಬಿ. ನಿಮ್ಮಮ್ಮನ ಸೊಂಟ ಹೇಗಿದೆ?"

"ಪರವಾಗಿಲ್ಲ ಅತ್ತೆ..." ಅಂದವನು ಚಿಕ್ಕಪ್ಪನ ಮುಖ ನೋಡಿ ಸುಮ್ಮನಾದ.

"ಊರೋರಿಗೆಲ್ಲ ಇವಳು ಅತ್ತೆ" ಅಂದ ಗಾಸೆಟ್. "ಅದೇ ಕಷ್ಟ ನೋಡು. ಯಾರಿಗೂ ನಿನ್ನ ಮೇಲೆ ಕೈ ಎತ್ತೋಕೆ ಮನಸ್ಸು ಬರಲ್ಲ. ನನಗೂ ಬರಲ್ಲ. ನಾವು ಕೂತಿರ್ತೀವಿ ಅಷ್ಟೆ. ಊಟಕ್ಕೆ ಬರೋನು ಬರಲಿ."

"ಯಾರೂ ಬರಲ್ಲ ಇಲ್ಲಿಗೆ."

"ಹಂಗಾದ್ರೆ ಕಾಫಿ ಕುಡಿದು ಹೋಗ್ತೀವಿ. ಅವಸರ ಏನು?"

ಅವನ ತೊಡೆಯ ಮೇಲೆ ಪಿಸ್ತೂಲು ಬಂದು ಕೂತಿತ್ತು. ಯಾವಾಗ ತೆಗೆದ ಅಂತ ಅವಳಿಗೆ ತಿಳಿಯಲೇ ಇಲ್ಲ.

ಗೇಟು ಮುಚ್ಚಿತ್ತು. ಅವಳ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಕಿಟಕಿಯಿಂದ ಬಿಳೀ ಗೇಟು ಬಿಸಿಲಲ್ಲಿ ಹೊಳೆಯುತ್ತಾ ಕಾಣುತ್ತಿತ್ತು. ಗುಡ್ಡದ ನೆರಳು ಆಗಲೇ ಹೊಲದ ಅಂಚಿಗೆ ಬಂದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ರಾಯ್ಸ್ ಗುಡ್ಡದ ನೆತ್ತಿಗೆ ಬರುತ್ತಾನೆ, ಮುಚ್ಚಿದ ಗೇಟು ನೋಡುತ್ತಾನೆ, ಅಕ್ಕ ಕರೆದಳು ಅಂತ ನಗುತ್ತಾ ಇಳಿಯುತ್ತಾನೆ. ಮೆರಿಟ್ ಬರುವುದು ಅದಾದ ಮೇಲೆ.

ಲೋಟಗಳನ್ನು ಮುಂದಿಟ್ಟಳು. "ಕಡಸುಗಳಿಗೆ ಮೇವು ಹಾಕಿಲ್ಲ" ಅಂದಳು. "ಹಾಕ್ದೇ ಇದ್ರೆ ಬೇಲಿ ಕೆಡವಿಬಿಡ್ತವೆ."

"ಕೋಲ್ಬಿ ಹಾಕ್ತಾನೆ."

"ಅವಕ್ಕೆ ನನ್ನ ಟೋಪಿ ಕಂಡರೇ ಬರೋದು. ಬೇಕಿದ್ರೆ ಇವನೂ ಬರಲಿ."

ಗಾಸೆಟ್ ಕಾಫಿ ಊದಿ ಕುಡಿದ. ಹೋಗಲಿ ಅಂತ ತಲೆ ಆಡಿಸಿದ.

ತನ್ನ ಪಿಕಪ್ಪು ಗಾಡಿಯಲ್ಲಿ ಮೇವಿನ ಹೊರೆ ಮೊದಲೇ ಏರಿಸಿಟ್ಟಿದ್ದಳು. ಕೋಲ್ಬಿಯನ್ನು ಪಕ್ಕ ಕೂರಿಸಿಕೊಂಡು ಹೊಲದ ಕೆಳಗಿನ ಅಂಚಿನವರೆಗೂ, ಗೇಟಿನ ಹತ್ತಿರದವರೆಗೂ ಮೇವು ಉದುರಿಸುತ್ತಾ ಹೋದಳು. ಕಡಸುಗಳು ಹಿಂದೆ ಬಂದವು. ಗೇಟಿನ ಮುಂದೆ ನಿಲ್ಲಿಸಿ ಇಳಿದು, ಕೊಂಡಿ ತೆಗೆದು, ಪೂರ್ತಿ ಅಗಲಕ್ಕೆ ನೂಕಿ, ಬೇಲಿಗೆ ಒರಗಿಸಿ ಬಿಟ್ಟಳು. ಕೋಲ್ಬಿ ಬಾಯಿ ತೆರೆದುಕೊಂಡು ನೋಡಿದ.

"ಅತ್ತೆ, ದನ ಇಲ್ಲೇ ಇದಾವೆ! ಗೇಟು ತೆಗೆದುಬಿಟ್ರಲ್ಲ?"

"ಹುಲ್ಲಿನ ಲಾರಿ ಬರುತ್ತೆ. ಡ್ರೈವರಿಗೆ ಮಂಡಿ ನೋವು, ಇಳಿಯೋಕಾಗಲ್ಲ."

"ಬಂದಾಗ ನಾನೇ ಬಂದು ತೆಗೀತೀನಿ..."

"ಹತ್ತೋ ಸುಮ್ನೆ!"

ಬಾಯಿ ಜೋರು ಮಾಡಿದ್ದಕ್ಕೆ ಹತ್ತಿದ. ಮನೆಗೆ ವಾಪಸಾಗುವಷ್ಟು ಹೊತ್ತೂ ಕತ್ತು ತಿರುಗಿಸಿ ಗೇಟನ್ನೇ ನೋಡುತ್ತಿದ್ದ. ಅವನಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಅವಳಿಗೂ ಆಗುತ್ತಿತ್ತು. ಮೇವಿರುವ ತನಕ ದನ ಹೊರಗೆ ಹೋಗಲಾರವು ಅಂತ ತನಗೆ ತಾನೇ ಹೇಳಿಕೊಂಡಳು.

ಒಳಗೆ ಬಂದು ಮತ್ತೆ ಕಾಫಿ ಬಗ್ಗಿಸಿದಳು. ತೆರೆದ ಗೇಟು ಕಿಟಕಿಯಿಂದ ಒಂದು ಬಿಳೀ ಗೆರೆಯ ಹಾಗೆ ಕಾಣುತ್ತಿತ್ತು. ಗಾಸೆಟ್ ಹುಬ್ಬು ಗಂಟಿಕ್ಕಿದ, ಕೋಲ್ಬಿ ಹುಲ್ಲಿನ ಲಾರಿ ವಿಷಯ ಹೇಳಿದ. ಇಷ್ಟಕ್ಕೇ ಮುಗಿಯಿತು ಅಂದುಕೊಂಡಳು. ರಾಯ್ಸ್ ನೋಡುತ್ತಾನೆ, ವಾಪಸು ಹೋಗುತ್ತಾನೆ, ಮೆರಿಟ್ ಬಂದರೆ ಇವರ ಬಣ್ಣ ಬಯಲಾಗುತ್ತೆ.

ಆಗ ರಸ್ತೆಯಲ್ಲಿ ಹಳೇ ನೀಲಿ ಗಾಡಿಯೊಂದು ನಿಧಾನಕ್ಕೆ ಬಂತು. ಪಕ್ಕದ ಜಮೀನಿನ ಐನಾರ್. ಎಂಬತ್ತು ಹತ್ತಿರದ ಬ್ರಹ್ಮಚಾರಿ. ಅವನ ಅಪ್ಪ ನಾರ್ವೆಯಿಂದ ಬಂದವನು. ಯಾರ ಮನೆ ದನ ಕರು ಹಾಕುತ್ತಿದ್ದರೂ ಕರೆಯದೇ ಬಂದು ಅಂಗಿಯ ತೋಳು ಏರಿಸಿ ನಿಲ್ಲುವವನು. ಗಾಡಿ ಗೇಟಿನ ಮುಂದೆ ನಿಂತಿತು.

'ಹೋಗು, ಮುಂದೆ ಹೋಗು' ಅಂದುಕೊಂಡಳು ವರ್ಲಾ.

ಅವನು ಇಳಿದ. ಎರಡು ಕಡಸು ಮೇವು ಬಿಟ್ಟು ರಸ್ತೆಗೆ ಕಾಲಿಟ್ಟಿದ್ದವು. ಐನಾರ್ ಟೋಪಿ ಬೀಸಿ, ಹೋಯ್ ಹೋಯ್ ಅನ್ನುತ್ತಾ, ಕುಂಟುಕಾಲಲ್ಲೇ ಸುತ್ತುಬಳಸಿ ಅವನ್ನು ಒಳಕ್ಕೆ ಅಟ್ಟಿದ. ಆಮೇಲೆ ಗೇಟನ್ನು ಎಳೆದುಕೊಂಡು ಬಂದು, ಮುಚ್ಚಿ, ಕೊಂಡಿ ಹಾಕಿ, ತನ್ನ ಗಾಡಿಯಿಂದ ಒಂದು ತುಂಡು ತಂತಿ ತಂದು ಮೇಲಿಂದ ಬಿಗಿಯಾಗಿ ಸುತ್ತಿದ. ಕೊನೆಗೆ ಮನೆ ಕಡೆ ತಿರುಗಿ, ಚಿಂತೆ ಮಾಡಬೇಡ, ನಾನು ನೋಡಿಕೊಂಡೆ ಅನ್ನುವ ಹಾಗೆ ಕೈ ಮೇಲೆತ್ತಿ ಬೀಸಿದ.

ಗಾಸೆಟ್ ಹೊಟ್ಟೆ ಅಲುಗಿಸಿ ನಕ್ಕ. "ನೆರೆಯೋರು ಅಂದ್ರೆ ಹಿಂಗಿರಬೇಕು ನೋಡು. ಕೈ ಬೀಸು ವರ್ಲಾ, ಪಾಪ ಮುದುಕ ಕಾಯ್ತಿದಾನೆ."

ಅವಳು ಕಿಟಕಿಯಲ್ಲಿ ನಿಂತು ಕೈ ಬೀಸಿದಳು. ಇಷ್ಟು ವರ್ಷದಲ್ಲಿ ಯಾರ ಮೇಲೂ ಬಾರದ ಸಿಟ್ಟು ಆ ಒಳ್ಳೇ ಮುದುಕನ ಮೇಲೆ ಬಂತು. ಗುಡ್ಡದ ನೆರಳು ಅಂಗಳ ದಾಟಿ ಕೊಟ್ಟಿಗೆಯ ಗೋಡೆ ಹತ್ತುತ್ತಿತ್ತು. ರಾಯ್ಸ್ ಗುಡ್ಡದ ನೆತ್ತಿಗೆ ಬಂದಿದ್ದಾನೋ ಇಲ್ಲವೋ. ಬಂದಿದ್ದರೆ ತೆರೆದದ್ದು ನೋಡಿದನೋ, ಮುಚ್ಚಿದ್ದು ನೋಡಿದನೋ. ಕೇಳುವುದು ಯಾರನ್ನ?

"ಕಟ್ಟಿಗೆ ತರ್ತೀನಿ" ಅಂದಳು.

"ತಾರಮ್ಮ."

ಅವಳು ಹಿಂಬಾಗಿಲಿಂದ ಹೊರಗೆ ಬಂದು, ಕಟ್ಟಿಗೆ ರಾಶಿಯನ್ನು ದಾಟಿ, ಪಿಕಪ್ಪಿನವರೆಗೂ ನಿಧಾನಕ್ಕೇ ನಡೆದಳು. ಕೀಲಿ ಅದರಲ್ಲೇ ಇತ್ತು, ನಮ್ಮ ಕಡೆ ಯಾರೂ ಕೀಲಿ ತೆಗೆಯುವುದಿಲ್ಲ. ಗಾಡಿ ಶುರುವಾದ ಮೇಲೆಯೇ ಒಳಗಿನವರಿಗೆ ತಿಳಿದದ್ದು. ಕೋಲ್ಬಿ, "ಅತ್ತೆ! ಅತ್ತೆ!" ಅಂತ ಕೂಗುತ್ತಾ ಓಡಿಬಂದ. ಅವಳು ತಿರುಗಿ ನೋಡಲಿಲ್ಲ. ಮೇವಿನ ಮಧ್ಯೆ, ಕಡಸುಗಳ ಮಧ್ಯೆ, ಹೊಲ ಅಡ್ಡಹಾಯ್ದು ನೇರ ಗೇಟಿಗೆ ಬಿಟ್ಟಳು. ಬಿಳೀ ಕಬ್ಬಿಣ ಕಣ್ಣ ಮುಂದೆ ದೊಡ್ಡದಾಗುತ್ತಾ ಬಂತು. ಇಳಿದು ತೆರೆಯಲು ಹೊತ್ತಿರಲಿಲ್ಲ, ತೆರೆದರೆ ಇನ್ನಾವನಾದರೂ ಬಂದು ಮುಚ್ಚುತ್ತಾನೆ. ಇನ್ನು ಯಾರೂ ಮುಚ್ಚಲಾಗದ ಹಾಗೆ ಮಾಡಬೇಕು. ಅಷ್ಟೇ ಅವಳ ಯೋಚನೆ.

ಗೇಟು ಕಂಬದ ಸಮೇತ ಕಿತ್ತು ಬಂತು. ಪಿಕಪ್ಪು ಅದನ್ನು ಎಳೆದುಕೊಂಡೇ ರಸ್ತೆ ದಾಟಿ, ಆಚೆ ಗುಂಡಿಗೆ ಮೂಗು ಊರಿ ನಿಂತಿತು. ಹಣೆ ಒಡೆದು ಕಣ್ಣಿಗೆ ರಕ್ತ ಇಳಿಯಿತು. ಕಡಸುಗಳೆಲ್ಲ ಹೋ ಎಂದು ರಸ್ತೆಗೆ ನುಗ್ಗಿದವು. ಸ್ವಲ್ಪ ದೂರ ಹೋಗಿದ್ದ ಐನಾರ್ ಸದ್ದು ಕೇಳಿ ಗಾಡಿ ತಿರುಗಿಸಿಕೊಂಡು ಬಂದ. ಅವಳ ಹತ್ತಿರ ಬರುವುದೋ, ದನ ತಿರುಗಿಸುವುದೋ ಗೊತ್ತಾಗದೆ ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ನಿಂತ.

ಅವಳು ಗಾಡಿಯಿಂದ ಜಾರಿ ಇಳಿದು ರಸ್ತೆಯುದ್ದಕ್ಕೂ, ಊರಿನ ಕಡೆ, ಮೆರಿಟ್ ಬರಬೇಕಾದ ಕಡೆ ಓಡಿದಳು. ತಿರುವಿನಲ್ಲೇ ಅವನ ಗಾಡಿ ಎದುರಾಯಿತು.

"ಒಳಗೆ ಗಾಸೆಟ್ ಕೂತವ್ನೆ ಮೆರಿಟ್! ರಾಯ್ಸ್ ಬರಲ್ಲ, ಬರಬೇಡ ಅಂತ ಹೇಳಿಬಿಟ್ಟೆ, ಗೇಟು ಕಿತ್ತು ಹೇಳಿಬಿಟ್ಟೆ..."

ಅವನು ಅವಳನ್ನು ಒಳಕ್ಕೆ ಎಳೆದುಕೊಳ್ಳುತ್ತಿರುವಾಗಲೇ ಮನೆಯ ಕಡೆಯಿಂದ ಗುಂಡಿನ ಸದ್ದು ಬಂತು. ಒಂದರ ಬೆನ್ನಿಗೆ ಒಂದು, ನಡುವೆ ಉಸಿರು ಎಳೆದುಕೊಳ್ಳುವಷ್ಟೂ ಬಿಡುವಿಲ್ಲದೆ.

ಹೋಗಿ ನೋಡಿದರೆ, ಕೊಟ್ಟಿಗೆಯ ಮುಂದೆ ಕೋಲ್ಬಿ ಅಂಗಾತ ಬಿದ್ದಿದ್ದ. ಅವನ ಪಿಸ್ತೂಲು ಕೈಯಿಂದ ದೂರಕ್ಕೆ ಹಾರಿತ್ತು. ರಾಯ್ಸ್ ಅವನ ಪಕ್ಕ ಮೊಣಕಾಲೂರಿ, ಅಪ್ಪನ ಬಂದೂಕನ್ನು ನೆಲಕ್ಕಿಟ್ಟು, ಎರಡೂ ಅಂಗೈಯನ್ನು ಅವನ ಎದೆಗೆ ಒತ್ತಿ ಹಿಡಿದಿದ್ದ. ರಕ್ತ ಬೆರಳ ಸಂದಿಯಿಂದ ಬರುತ್ತಲೇ ಇತ್ತು. ಜಗಲಿಯ ಮೇಲೆ ಗಾಸೆಟ್ ಖಾಲಿ ಕೈಗಳನ್ನು ಮೇಲಕ್ಕೆತ್ತಿ ನಿಂತಿದ್ದ.

"ನೋಡಿದ್ರಾ ಶೆರೀಫರೇ? ಕಾಫಿಗೆ ಅಂತ ಬಂದ್ವಿ. ಈ ಕೊಲೆಗಡುಕ ಕೊಟ್ಟಿಗೆ ಹಿಂದಿನಿಂದ ಬಂದು ನಮ್ಮ ಹುಡುಗನ್ನ ಹೊಡೆದು ಹಾಕ್ದ. ಮೊದಲು ಆ ಬರೆ ಇನ್ಸ್‌ಪೆಕ್ಟರ್, ಈಗ ಇವನು."

ರಾಯ್ಸ್ ತಲೆ ಎತ್ತಿ ಅಕ್ಕನ ರಕ್ತದ ಮುಖ ನೋಡಿದ. ಅವನ ಬಾಯಿ ಮಗುವಿನ ಹಾಗೆ ಕೊಂಕಿತು.

"ಬದುಕಿದೀಯಾ ಅಕ್ಕಾ? ಗೇಟು ಮುಚ್ಚಿತ್ತು ಅಂತ ಇಳಿದು ಬರ್ತಿದ್ದೆ, ಹಳ್ಳದ ಅಂಚಿಂದ ನೋಡ್ದೆ. ನೀನು ಗೇಟಿಗೆ ಗುದ್ದಿದೆ, ಗಾಡಿ ಗುಂಡಿಗೆ ಬಿತ್ತು, ಇವನು ಪಿಸ್ತೂಲು ಹಿಡ್ಕೊಂಡು ನಿನ್ನ ಹಿಂದೆ ಓಡ್ತಿದ್ದ. ನಿನ್ನ ಕೊಂದೇಬಿಟ್ರು ಅಂದ್ಕೊಂಡೆ."

"ಬರಬೇಡ ಅಂತ ಗುದ್ದಿದ್ದು ಕಣೋ" ಅಂದಳು ವರ್ಲಾ. "ಬರಬೇಡ ಅಂತ."

ಅವನಿಗೆ ಅರ್ಥವಾಗಲಿಲ್ಲವೋ, ಅರ್ಥವಾದದ್ದು ಸಹಿಸಲಾಗಲಿಲ್ಲವೋ, ಕೈಯನ್ನು ಕೋಲ್ಬಿಯ ಎದೆಗೆ ಇನ್ನೂ ಬಲವಾಗಿ ಒತ್ತಿದ. ಆ ಹೊತ್ತಿಗೆ ಹುಡುಗನ ಪ್ರಾಣ ಹೋಗಿತ್ತು. ಮೆರಿಟ್ ಬಂದು ರಾಯ್ಸನ ಭುಜ ಹಿಡಿದು ಎಬ್ಬಿಸಿದ. ತಮ್ಮ ಜೀವಂತವಾಗಿ ಶೆರೀಫನ ಕೈ ಸೇರಿದ.

ಆಮೇಲಿನದು ವಕೀಲರ ಮಾತು. ಸರ್ಕಾರ ಕೊಟ್ಟ ವಕೀಲ ಹೆಣ್ಣುಮಗಳು, ಒಳ್ಳೆಯವಳು, ಮುಚ್ಚುಮರೆ ಮಾಡಲಿಲ್ಲ. "ಕೋಲ್ಬಿ ಮೊದಲು ಹೊಡೆದ, ಇವರು ಜೀವ ಉಳಿಸ್ಕೊಳ್ಳೋಕೆ ಹೊಡೆದ್ರು ಅಂತ ಯಾರಾದ್ರೂ ಹೇಳಿದ್ರೆ, ಇನ್ಸ್‌ಪೆಕ್ಟರ್ ವಿಷಯದಲ್ಲೂ ಇವರ ಮಾತು ಜನ ನಂಬ್ತಾರೆ. ಇಲ್ದಿದ್ರೆ ಎರಡೂ ಇವರ ತಲೆಗೇ ಬರುತ್ತೆ. ನೀವು ನೋಡಿದ್ರಾ?"

ವರ್ಲಾ ನೋಡಿರಲಿಲ್ಲ. ಅವಳು ಬೆನ್ನು ಹಾಕಿ ಓಡುತ್ತಿದ್ದಳು. ಮನೆಯಲ್ಲೇ ಇದ್ದಿದ್ದರೆ ನೋಡುತ್ತಿದ್ದಳು. ಗಾಸೆಟ್ ಬಿಟ್ಟರೆ ಅಲ್ಲಿದ್ದ ಇನ್ನೊಂದು ಜೋಡಿ ಕಣ್ಣು ಐನಾರನದು.

ಅವನು ಒಂದು ಬೆಳಿಗ್ಗೆ ತಾನಾಗೇ ಬಂದ, ಅಡುಗೆಮನೆಯ ಬಾಗಿಲಲ್ಲಿ ಟೋಪಿ ಹಿಂಡುತ್ತಾ ನಿಂತ. ಅವಳು ಅವನನ್ನು ಕೂರಿಸಿ, ಎದುರಿಗೆ ತಾನೂ ಕೂತಳು.

"ನೀನು ನೋಡಿದೆ ಅಲ್ವಾ ಐನಾರಣ್ಣ. ಕೋಲ್ಬಿ ಮೊದಲು ಕೈ ಎತ್ತಿದ್ದು."

"ನಾನು ದನ ತಿರುಗಿಸ್ತಿದ್ದೆ ವರ್ಲಾ. ಬೆನ್ನು ಆ ಕಡೆಗಿತ್ತು."

"ಸದ್ದು ಕೇಳಿಸ್ತಲ್ಲ. ಮೊದಲು ಪಿಸ್ತೂಲಿನದೋ, ಬಂದೂಕಿನದೋ?"

"ಎರಡೂ ಒಟ್ಟೊಟ್ಟಿಗೇ ಬಂದ್ವು. ಕಡಸುಗಳು ಬೇರೆ ಕೂಗ್ತಿದ್ವು. ನನ್ನ ಕಿವಿ ನಿನಗೆ ಗೊತ್ತಲ್ಲ."

ಅವಳು ಮೇಜಿನ ಮೇಲಿಂದ ಬಾಗಿ ಅವನ ಒರಟು ಕೈಗಳನ್ನು ಹಿಡಿದುಕೊಂಡಳು. ಆ ಕೈಗಳು ಅವಳ ಅಪ್ಪನ ಶವದ ಪೆಟ್ಟಿಗೆ ಹೊತ್ತಿದ್ದವು. "ನೋಡಿದೆ ಅಂತ ಒಂದು ಮಾತು ಹೇಳು. ಒಂದೇ ಮಾತು. ನಿನ್ನ ಮಾತನ್ನ ಈ ಜಿಲ್ಲೇಲಿ ಇಲ್ಲ ಅನ್ನೋರಿಲ್ಲ. ಅವನು ಜೀವಮಾನಪೂರ್ತಿ ಒಳಗೇ ಇರ್ತಾನಣ್ಣಾ. ಕಾಲಿಗೆ ಬೀಳ್ತೀನಿ."

ಐನಾರನ ಕಣ್ಣು ತುಂಬಿತು.

"ನಾನೇ ಕೆಡಿಸ್ದೆ ಅಂತ ಗೊತ್ತು ಮಗಳೇ. ದಿನಾ ಅದನ್ನೇ ಅಂದ್ಕೊಳ್ತಾ ಮಲಗ್ತೀನಿ. ನನ್ನ ಜಮೀನು ಬೇಕಾದ್ರೆ ಕೇಳು, ವಕೀಲರಿಗೆ ಕೊಡ್ತೀನಿ. ಆದ್ರೆ ನೋಡದೇ ಇರೋದನ್ನ ನೋಡಿದೆ ಅನ್ನೋಕೆ... ಆ ಹುಡುಗನಿಗೂ ತಾಯಿ ಇದಾಳೆ."

ವರ್ಲಾ ಕೈ ಬಿಟ್ಟಳು. ಎದ್ದು ಒಲೆಯ ಕಡೆ ತಿರುಗಿ ನಿಂತಳು. ಅವನು ಹೋಗುವ ಸದ್ದು ಕೇಳುವ ತನಕ ತಿರುಗಲಿಲ್ಲ.

ಮರುದಿನ ಜೈಲಿಗೆ ಹೋದಳು. ಗಾಜಿನ ಆಚೆ ರಾಯ್ಸ್ ಗಡ್ಡ ಬೋಳಿಸಿಕೊಂಡು ಕೂತಿದ್ದ, ಮತ್ತೂ ಚಿಕ್ಕವನಾಗಿ ಕಾಣುತ್ತಿದ್ದ. ಫೋನು ಕಿವಿಗಿಟ್ಟುಕೊಂಡ ತಕ್ಷಣ ಕೇಳಿದ.

"ಐನಾರಣ್ಣ ಏನಂದ ಅಕ್ಕಾ?"

ಸುಳ್ಳು ಹೇಳಿ ಇವತ್ತೊಂದು ದಿನ ಅವನನ್ನು ನಿದ್ದೆ ಮಾಡಿಸೋಣ ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು.

"ನೋಡಿಲ್ಲ ಅಂದ."

ರಾಯ್ಸ್ ಗಾಜಿನ ಮೇಲೆ ಬೆರಳು ಆಡಿಸಿದ.

"ಅವನು ಇನ್ನೇನು ಹೇಳ್ತಾನೆ" ಅಂದ. "ಕೋಲ್ಬಿ ನಿನ್ನ ಹಿಂದೆ ಓಡ್ತಾ ಏನೋ ಕೂಗ್ತಿದ್ದ ಅಕ್ಕಾ. ಏನಂತ ಕೂಗ್ತಿದ್ದ?"

ಅತ್ತೆ, ಅತ್ತೆ ಅನ್ನುವ ಆ ಕೂಗು ಅವಳಿಗೆ ಇನ್ನೂ ಕಿವಿಯಲ್ಲೇ ಇತ್ತು. ಈ ಸಲ ಮಾತ್ರ ನಿಜ ಹೇಳಲು ಅವಳ ಕೈಲಿ ಆಗಲಿಲ್ಲ.

"ಕೇಳಿಸಲಿಲ್ಲ ಕಣೋ" ಅಂದಳು.